ವಿಂಡೋಸ್‌ನಲ್ಲಿ ಸೈಪೈ ಇನ್‌ಸ್ಟಾಲ್ ಆಗ್ತಿಲ್ಲ, ಫೋರ್ಟ್ರಾನ್ ಕಂಪೈಲರ್ ಕೇಳ್ತಾ ಉಂಟು

ಕಡಲಕರೆ, ಉಡುಪಿ

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿಗೆ ಮಲ್ಪೆಯ ಉಬ್ಬರ-ಇಳಿತದ ಲೆಕ್ಕ ಮಾಡಬೇಕು. ಗಂಟೆಗೊಮ್ಮೆ ನೀರಿನ ಮಟ್ಟ ದಾಖಲಿಸಿದ ಸಿಎಸ್‌ವಿ ಫೈಲ್ ಕೈಯಲ್ಲಿದೆ. ಅದನ್ನು ಸೈಪೈ ಅನ್ನುವ ವೈಜ್ಞಾನಿಕ ಲೆಕ್ಕದ ಪೈಥಾನ್ ಲೈಬ್ರರಿಯಲ್ಲಿರುವ, ಡೇಟಾಕ್ಕೆ ವಕ್ರರೇಖೆ ಹೊಂದಿಸುವ ಕರ್ವ್_ಫಿಟ್‌ಗೆ ಕೊಡಬೇಕು, ಅಷ್ಟೇ ಕೆಲಸ. ಆದರೆ ಸೈಪೈಯೇ ಕೂರುತ್ತಿಲ್ಲ.

ಲ್ಯಾಪ್‌ಟಾಪ್ ವಿಂಡೋಸ್ 10, ಇಂಟೆಲ್ ಪ್ರೊಸೆಸರ್, ಪೈಥಾನ್ 3.12. ಇನ್‌ಸ್ಟಾಲರ್ ಪರಿಚಯದವರ ಪೆನ್‌ಡ್ರೈವಿನಿಂದ ಹಾಕಿಕೊಂಡದ್ದು. ಸಂಖ್ಯೆಗಳ ಲೆಕ್ಕದ ಲೈಬ್ರರಿ ನಮ್‌ಪೈ ಒಂದೇ ಸಲಕ್ಕೆ ಆಯ್ತು, ಹಾಗಾಗಿ ಪೈಥಾನ್ ಸರಿ ಇದೆ ಅಂತಲೇ ಅನ್ನಿಸುತ್ತದೆ. ಲೈಬ್ರರಿ ಇಳಿಸಿ ಹಾಕುವ ಪಿಪ್‌ಗೆ 'ಪಿಪ್ ಇನ್‌ಸ್ಟಾಲ್ ಸೈಪೈ' ಅಂತ ಕೊಟ್ಟರೆ ಸ್ವಲ್ಪ ಹೊತ್ತು ಓಡಿ, ಆಮೇಲೆ ಪುಟಗಟ್ಟಲೆ ಕೆಂಪು ಅಕ್ಷರ. ಕೊನೆಯಲ್ಲಿ 'ಮೆಟಾಡೇಟಾ ಜನರೇಶನ್ ಫೇಲ್ಡ್', ಅದಕ್ಕೆ ಸ್ವಲ್ಪ ಮೇಲೆ 'ಅನ್‌ನೋನ್ ಕಂಪೈಲರ್' (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ ಕಂಪೈಲರ್). ಒಂದು ವಿಡಿಯೋದಲ್ಲಿ ವಿಶುವಲ್ ಸ್ಟುಡಿಯೋ ಬಿಲ್ಡ್ ಟೂಲ್ಸ್ ಹಾಕಿ ಅಂದಿದ್ದರು. ಮಳೆಗೆ ಕರೆಂಟ್ ಹೋಗಿ ಬಂದು ಮಾಡುವುದರ ನಡುವೆ ಮೊಬೈಲ್ ಡೇಟಾದಲ್ಲೇ ಅಷ್ಟೂ ಜಿಬಿ ಇಳಿಸಿ ಹಾಕಿದೆ. ಈಗ ಸಿ ಕಂಪೈಲರ್ ಸಿಕ್ಕಿತು, ಫೋರ್ಟ್ರಾನ್ ಕಂಪೈಲರ್ ಇಲ್ಲ ಅನ್ನುತ್ತಿದೆ. ಫೋರ್ಟ್ರಾನ್ ಭಾಷೆಯ ಕಂಪೈಲರ್ ಆದ ಜಿಫೋರ್ಟ್ರಾನ್ ಹಾಕಿದರೆ ಆಗ್ತದಾ? ಸೋಮವಾರ ಗೈಡಿಗೆ ತೋರಿಸಬೇಕು. ಯಾರಾದರೂ ದಯವಿಟ್ಟು ಹೇಳಿ.

ಪಣಂಬೂರು_ಪೈಥಾನ್, ಮಂಗಳೂರು

ಜಿಫೋರ್ಟ್ರಾನ್ ಹಾಕಬೇಡಿ ಮಾರಾಯ್ರೇ, ಅಲ್ಲೇ ನಿಲ್ಲಿಸಿ. ಅದನ್ನು ಹಾಕಿದರೆ ಮುಂದೆ ಓಪನ್‌ಬ್ಲಾಸ್ ಅನ್ನುವ ಮ್ಯಾಟ್ರಿಕ್ಸ್ ಲೆಕ್ಕದ ಲೈಬ್ರರಿ ಇಲ್ಲ ಅನ್ನುತ್ತದೆ. ಅದಾದ ಮೇಲೆ ಇನ್ನೊಂದು. ಕಂಪೈಲರ್ ಇಲ್ಲದಿರುವುದು ನಿಮ್ಮ ತೊಂದರೆಯೇ ಅಲ್ಲ. ಸಾಮಾನ್ಯವಾಗಿ ವಿಂಡೋಸ್‌ನಲ್ಲಿ ಸೈಪೈ ಹಾಕಲು ಯಾವ ಕಂಪೈಲರೂ ಬೇಡ. ಪಿಪ್ ಅದನ್ನು ಕೇಳುವ ಹಂತಕ್ಕೆ ಯಾಕೆ ಹೋಯಿತು ಅನ್ನುವುದನ್ನು ಮೊದಲು ಹಿಡಿಯಬೇಕು.

ಎರಡು ವಿಷಯ ಹೇಳಿ. ಕೆಂಪು ಅಕ್ಷರ ಶುರುವಾಗುವ ಮೊದಲು, ತೀರಾ ಮೇಲೆ, 'ಡೌನ್‌ಲೋಡಿಂಗ್ ಸೈಪೈ' ಅಂತ ಒಂದು ಸಾಲು ಇರುತ್ತದೆ. ಆ ಫೈಲ್ ಹೆಸರು ಹೇಗೆ ಮುಗಿಯುತ್ತದೆ? ಇನ್ನೊಂದು, ಕಮಾಂಡ್ ಪ್ರಾಂಪ್ಟ್‌ನಲ್ಲಿ ಸುಮ್ನೆ ಪೈಥಾನ್ ಅಂತ ಕೊಟ್ಟಾಗ ಬರುವ ಮೊದಲ ಸಾಲು ಪೂರ್ತಿ ಬರೆಯಿರಿ.

ಕಡಲಕರೆ

ಫೈಲ್ ಹೆಸರಿನ ಕೊನೆಯಲ್ಲಿ ಡಾಟ್ ಟಾರ್ ಡಾಟ್ ಜಿಝಡ್ ಅಂತ ಉಂಟು ಸರ್. ಪೈಥಾನಿನ ಮೊದಲ ಸಾಲಿನ ಕೊನೆಗೆ '32 ಬಿಟ್', ಪಕ್ಕದ ಬ್ರಾಕೆಟ್‌ನಲ್ಲಿ 'ಇಂಟೆಲ್', ಆಮೇಲೆ 'ಆನ್ ವಿನ್32'. ನನ್ನ ಲ್ಯಾಪ್‌ಟಾಪ್ ಇಂಟೆಲ್‌ದೇ, ಹಾಗಾಗಿ ಸರಿಯೇ ಇದೆ ಅಲ್ವಾ? ಪೈಥಾನ್ ಸೈಟ್‌ನಲ್ಲಿ ಎಎಂಡಿ64 ಅಂತ ಹೆಸರಿರುವ ಇನ್‌ಸ್ಟಾಲರ್ ಕಂಡಿತ್ತು. ಅದು ಎಎಂಡಿ ಪ್ರೊಸೆಸರ್ ಇದ್ದವರಿಗೆ ಅಂತ ಬಿಟ್ಟೆ.

ಪಣಂಬೂರು_ಪೈಥಾನ್

ಸಿಕ್ಕಿತು. ನಿಮ್ಮದು 32 ಬಿಟ್ ಪೈಥಾನ್. ಆ ಹೆಸರು ನೋಡಿ ಮೋಸ ಹೋಗುವವರು ಜಾಸ್ತಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿರುವ 64 ಬಿಟ್ ವ್ಯವಸ್ಥೆಯನ್ನು ಮೊದಲು ರೂಪಿಸಿದ್ದು ಎಎಂಡಿ. 2003ರಲ್ಲಿ ಆಪ್ಟೆರಾನ್ ಪ್ರೊಸೆಸರ್‌ನಲ್ಲಿ ತಂದರು, ಮರು ವರ್ಷ ಇಂಟೆಲ್ ಕೂಡ ಅದನ್ನೇ ಅಳವಡಿಸಿಕೊಂಡಿತು. ಹೆಸರು ಮಾತ್ರ ಎಎಂಡಿ64 ಅಂತಲೇ ಉಳಿಯಿತು. ಹಾಗಾಗಿ 64 ಬಿಟ್ ಇಂಟೆಲ್ ಯಂತ್ರಕ್ಕೂ ಅದೇ ಇನ್‌ಸ್ಟಾಲರ್. 3.12ರ ಫೈಲ್‌ಗಳಲ್ಲಿ ಹೆಸರಿನ ಕೊನೆಗೆ ಎಎಂಡಿ64 ಇದ್ದರೆ 64 ಬಿಟ್, ಏನೂ ಇಲ್ಲದೆ ಬರೀ ವರ್ಶನ್ ನಂಬರ್ ಇದ್ದರೆ 32 ಬಿಟ್. ನಿಮ್ಮ ಪೆನ್‌ಡ್ರೈವಿನಲ್ಲಿ ಇದ್ದದ್ದು ಎರಡನೆಯದು. ಇನ್ನು 'ಆನ್ ವಿನ್32' ಅನ್ನುವುದನ್ನು ಲೆಕ್ಕಕ್ಕೇ ತಗೋಬೇಡಿ. 64 ಬಿಟ್ ಪೈಥಾನ್ ಕೂಡ ಅಲ್ಲಿ ವಿನ್32 ಅಂತಲೇ ಬರೆಯುತ್ತದೆ. ನೋಡಬೇಕಾದದ್ದು ಅದರ ಹಿಂದಿನ 32 ಅಥವಾ 64.

ಸೈಪೈ ಬರೀ ಪೈಥಾನ್ ಅಲ್ಲ. ಒಳಗೆ ಸಿ, ಸಿ++, ಫೋರ್ಟ್ರಾನ್ ಎಲ್ಲ ಉಂಟು. ನಿಮಗೆ ಬೇಕಾದ ಕರ್ವ್_ಫಿಟ್ ಹಿಂದೆ ಇರುವುದು ಮಿನ್‌ಪ್ಯಾಕ್ ಅನ್ನುವ ಹಳೆಯ ಕೋಡ್ ಸಂಗ್ರಹ, 1980ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದವರು ಫೋರ್ಟ್ರಾನ್‌ನಲ್ಲಿ ಬರೆದದ್ದು. ಇಂಥವನ್ನೆಲ್ಲ ಈಗ ಒಂದೊಂದಾಗಿ ಸಿ ಭಾಷೆಗೆ ತರುತ್ತಿದ್ದಾರೆ, ಅದು ಬೇರೆ ವಿಷಯ. ಇದನ್ನೆಲ್ಲ ಪ್ರತಿಯೊಬ್ಬರೂ ಮನೆಯಲ್ಲಿ ಕಂಪೈಲ್ ಮಾಡುವುದು ಬೇಡ ಅಂತ ಸೈಪೈ ತಂಡದವರೇ ಕಂಪೈಲ್ ಮಾಡಿ ವೀಲ್ ಫೈಲ್ ಆಗಿ ಇಟ್ಟಿರುತ್ತಾರೆ. ವೀಲ್‌ನ ಹೆಸರಲ್ಲೇ ಅದರ ಜಾತಕ ಉಂಟು. ಹೆಸರು, ವರ್ಶನ್, ಆಮೇಲೆ ಸಿಪಿ312 ಅಂದರೆ ಪೈಥಾನ್ 3.12ಕ್ಕೆ, ಕೊನೆಯಲ್ಲಿ ವಿನ್_ಎಎಂಡಿ64 ಅಂದರೆ 64 ಬಿಟ್ ವಿಂಡೋಸ್‌ಗೆ. ಇವು ನಿಮ್ಮ ಪೈಥಾನಿಗೆ ಹೊಂದಿದರೆ ಮಾತ್ರ ಪಿಪ್ ಆ ಫೈಲನ್ನು ಮುಟ್ಟುತ್ತದೆ.

32 ಬಿಟ್ ವಿಂಡೋಸ್‌ಗೆ ವೀಲ್ ಕೊಡುವುದನ್ನು ಸೈಪೈಯವರು ನಿಲ್ಲಿಸಿದ್ದಾರೆ. ನಮ್‌ಪೈಯವರು ಕೊಡುತ್ತಾರೆ, ಹಾಗಾಗಿ ಅದು ಒಂದೇ ಸಲಕ್ಕೆ ಆಯ್ತು. ಸೈಪೈಗೆ ಹೊಂದುವ ವೀಲ್ ಸಿಗದೆ ಪಿಪ್ ಏನೂ ಕೇಳದೆ ಮೂಲ ಕೋಡನ್ನೇ ಇಳಿಸಿಕೊಂಡಿತು. ಆ ಟಾರ್ ಜಿಝಡ್ ಅದುವೇ. ಮೂಲ ಕೋಡ್ ಬಂದ ಮೇಲೆ ಕಂಪೈಲರ್ ಹುಡುಕಲೇಬೇಕಲ್ಲ. ಕೊನೆಯಲ್ಲಿ ಬಂದ ಅಷ್ಟು ಕೆಂಪು ಅಕ್ಷರವೂ ಅದರ ಪರಿಣಾಮ. ಕಾರಣ ಮೇಲಿನ ಆ ಒಂದೇ ಸಾಲಿನಲ್ಲಿತ್ತು.

ಹೀಗೆ ಮಾಡಿ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋಗಿ ವಿಂಡೋಸ್ 64 ಬಿಟ್ ಹೌದಾ ನೋಡಿ. ಹೌದಾದರೆ ಈಗಿನ ಪೈಥಾನನ್ನು ಅನ್‌ಇನ್‌ಸ್ಟಾಲ್ ಮಾಡಿ, ಪೈಥಾನ್‌ನ ಅಧಿಕೃತ ಸೈಟ್‌ನಿಂದಲೇ 64 ಬಿಟ್ ಇನ್‌ಸ್ಟಾಲರ್ ಇಳಿಸಿ. ಮೊದಲ ಪುಟದ ಕೆಳಗೆ ಪಾಥ್‌ಗೆ ಸೇರಿಸುವ ಚೌಕ ಉಂಟು, ಅದಕ್ಕೆ ಟಿಕ್ ಹಾಕಲು ಮರೆಯಬೇಡಿ. ಆಮೇಲೆ ಸೈಪೈ ಹಾಕುವಾಗ ಬರೀ ಪಿಪ್ ಅನ್ನಬೇಡಿ. ಪೈಥಾನ್, ಸ್ಪೇಸ್, ಹೈಫನ್ ಎಂ, ಸ್ಪೇಸ್, ಪಿಪ್ ಅಂತ ಶುರು ಮಾಡಿ. ಆಗ ಯಾವ ಪೈಥಾನ್ ಓಡುತ್ತದೋ ಅದಕ್ಕೇ ಹೋಗಿ ಕೂರುತ್ತದೆ. ಜೊತೆಗೆ 'ಓನ್ಲಿ ಬೈನರಿ' ಆಯ್ಕೆಯನ್ನು 'ಆಲ್' ಅಂತ ಕೊಡಿ, ಆಲ್‌ನ ಹಿಂದೆ ಮುಂದೆ ಎರಡೂ ಕಡೆ ಕೋಲನ್ ಚಿಹ್ನೆ ಇರಬೇಕು. ಆಗ ವೀಲ್ ಇದ್ದರೆ ಹಾಕುತ್ತದೆ, ಇಲ್ಲದಿದ್ದರೆ ಹೊಂದುವ ಫೈಲ್ ಇಲ್ಲ ಅಂತ ಅಲ್ಲೇ ಹೇಳಿ ನಿಲ್ಲುತ್ತದೆ. ಕಂಪೈಲರ್ ಕಥೆಗೆ ಹೋಗುವುದೇ ಇಲ್ಲ. ಬಿಲ್ಡ್ ಟೂಲ್ಸ್ ಬೇರೆ ಯಾವುದಕ್ಕೂ ಬೇಡವಾದರೆ ತೆಗೆದುಬಿಡಿ, ಡಿಸ್ಕ್ ಖಾಲಿಯಾಗುತ್ತದೆ.

ಕಡಲಕರೆ

ವಿಂಡೋಸ್ 64 ಬಿಟ್ಟೇ ಸರ್. ಹಳೆಯದನ್ನು ತೆಗೆದೆ, ಎಎಂಡಿ64 ಹಾಕಿದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪೈಥಾನ್ ಅಂದರೆ 64 ಬಿಟ್ ಅಂತ ತೋರಿಸುತ್ತದೆ, ಸೈಪೈ ಕೂಡ ಬೇಗನೆ ಕೂತಿತು. ತುಂಬಾ ಖುಷಿ ಆಯ್ತು. ಆದರೆ ನಾನು ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನಲ್ಲಿ ಪ್ರಾಜೆಕ್ಟ್ ಫೋಲ್ಡರ್ ತೆರೆದು ಅಲ್ಲಿನ ಟರ್ಮಿನಲ್‌ನಲ್ಲಿ ಓಡಿಸಿದರೆ ಪೈಥಾನೇ ಶುರುವಾಗುತ್ತಿಲ್ಲ. 'ನೋ ಪೈಥಾನ್ ಅಟ್' ಅಂತ ಹೇಳಿ, ಹಳೆಯ 32 ಬಿಟ್ ಪೈಥಾನ್ ಇದ್ದ ಜಾಗವನ್ನು ತೋರಿಸುತ್ತದೆ. ಅದನ್ನು ತೆಗೆದಾಗಿದೆಯಲ್ಲ?

ಪಣಂಬೂರು_ಪೈಥಾನ್

ಪ್ರಾಜೆಕ್ಟ್ ಫೋಲ್ಡರಿನೊಳಗೆ ಡಾಟ್ ವಿಎನ್‌ವಿ ಅಂತ ಒಂದು ಫೋಲ್ಡರ್ ಉಂಟಾ ನೋಡಿ. ಅದರೊಳಗೆ ಪೈವಿಎನ್‌ವಿ ಅನ್ನುವ ಸಣ್ಣ ಸಿಎಫ್‌ಜಿ ಫೈಲ್ ಇರುತ್ತದೆ, ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಮೊದಲ ಸಾಲು 'ಹೋಮ್', ಅದರ ಎದುರು ಯಾವ ಪೈಥಾನಿನಿಂದ ಈ ಎನ್ವಿರಾನ್‌ಮೆಂಟ್ (ಆ ಪ್ರಾಜೆಕ್ಟಿಗೇ ಮೀಸಲಾದ ಪೈಥಾನ್ ಜಾಗ) ಮಾಡಿದ್ದು ಅನ್ನುವ ವಿಳಾಸ. ಅಲ್ಲಿ 312ರ ಪಕ್ಕ 32 ಅಂತ ಕಂಡರೆ ಅದು ಹಳೆಯ ಪೈಥಾನಿಗೇ ಕಟ್ಟಿಕೊಂಡ ಫೋಲ್ಡರ್. ವಿಎಸ್ ಕೋಡ್ ಅದನ್ನೇ ತಾನಾಗಿ ಎತ್ತಿಕೊಳ್ಳುತ್ತಿದೆ.

ಆ ವಿಳಾಸ ತಿದ್ದಲು ಹೋಗಬೇಡಿ. ಒಳಗೆ ಕೂತಿರುವ ನಮ್‌ಪೈ ಕೂಡ 32 ಬಿಟ್‌ದೇ, ಹೊಸ ಪೈಥಾನಿಗೆ ಅದು ಹೊಂದುವುದಿಲ್ಲ. ಡಾಟ್ ವಿಎನ್‌ವಿ ಫೋಲ್ಡರನ್ನು ಇಡೀ ಅಳಿಸಿ. ಅದರಲ್ಲಿ ನಿಮ್ಮ ಕೋಡ್ ಏನೂ ಇರುವುದಿಲ್ಲ, ಹೆದರಬೇಡಿ, ಆದರೂ ಅಳಿಸುವ ಮೊದಲು ಒಮ್ಮೆ ಒಳಗೆ ಕಣ್ಣು ಹಾಯಿಸಿ. ನಂತರ ಹೊಸ ಪೈಥಾನಿನಿಂದ ಪುನಃ ಎನ್ವಿರಾನ್‌ಮೆಂಟ್ ಮಾಡಿ, ವಿಎಸ್ ಕೋಡ್‌ನಲ್ಲಿ ಕಂಟ್ರೋಲ್ ಶಿಫ್ಟ್ ಪಿ ಒತ್ತಿ 'ಸೆಲೆಕ್ಟ್ ಇಂಟರ್‌ಪ್ರಿಟರ್'ನಲ್ಲಿ ಅದನ್ನೇ ಆರಿಸಿ. ನಮ್‌ಪೈ, ಸೈಪೈ ಎರಡನ್ನೂ ಅದರೊಳಗೆ ಹಾಕಿ.

ಇನ್ನೊಂದು ಮಾತು, ನಿಮ್ಮ ಫೈಲಿಗೆ ಸೈಪೈ ಡಾಟ್ ಪಿವೈ ಅಂತ ಮಾತ್ರ ಹೆಸರಿಡಬೇಡಿ. ಇಂಪೋರ್ಟ್ ಮಾಡುವಾಗ ಪೈಥಾನ್ ಮೊದಲು ಹುಡುಕುವುದು ನಿಮ್ಮ ಫೈಲ್ ಇರುವ ಫೋಲ್ಡರಿನಲ್ಲೇ. ನಿಮ್ಮ ಫೈಲನ್ನೇ ಸೈಪೈ ಅಂತ ಎತ್ತಿಕೊಳ್ಳುತ್ತದೆ.

ಕಡಲಕರೆ

ಆಯ್ತು ಸರ್, ಆಯ್ತು! ನೀವು ಹೇಳಿದ ಹಾಗೇ ಇತ್ತು, ಹೋಮ್ ಎದುರು 'ಪೈಥಾನ್312', ಪಕ್ಕದಲ್ಲಿ ಹೈಫನ್ ಹಾಕಿ 32. ಎಲ್ಲ ಅಳಿಸಿ ಹೊಸದಾಗಿ ಮಾಡಿದೆ. ಕರ್ವ್_ಫಿಟ್ ಓಡಿತು. ಉಬ್ಬರವನ್ನು ಕಟ್ಟುವ ಎಂ2 ಮತ್ತು ಎಸ್2 ಎಂಬ ಎರಡು ಅಲೆಗಳನ್ನೂ ಕೊಟ್ಟಿದ್ದೇನೆ, ಆದರೆ ಅವುಗಳ ಎತ್ತರ ನಂಬುವ ಹಾಗಿಲ್ಲ, ಎಸ್2 ತೀರಾ ದೊಡ್ಡದಾಗಿ ಬರುತ್ತದೆ. ಇದೂ ಇನ್‌ಸ್ಟಾಲ್ ತೊಂದರೆಯಾ? ಡೇಟಾ ಸದ್ಯಕ್ಕೆ ಒಂದು ವಾರದ್ದು ಮಾತ್ರ ಹಾಕಿದ್ದು.

ಪಣಂಬೂರು_ಪೈಥಾನ್

ಅಲ್ಲ, ಸೈಪೈ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಡೇಟಾ ಸಾಲದು. ಚಂದ್ರನ ಎಂ2ರ ಅವಧಿ 12.42 ಗಂಟೆ, ಸೂರ್ಯನ ಎಸ್2ರದ್ದು ಸರಿಯಾಗಿ 12 ಗಂಟೆ. ಇಷ್ಟು ಹತ್ತಿರದ ಎರಡನ್ನು ಬೇರ್ಪಡಿಸಬೇಕಾದರೆ ಅವು ಒಂದಕ್ಕೊಂದು ಒಂದು ಪೂರ್ತಿ ಸುತ್ತು ಸರಿಯುವಷ್ಟು ಕಾಲ ಬೇಕು, ಅಂದರೆ ಸುಮಾರು 14.8 ದಿನ. ಕನಿಷ್ಠ 15 ದಿನದ್ದು ಹಾಕಿ, ಒಂದು ತಿಂಗಳದ್ದಾದರೆ ಒಳ್ಳೆಯದು. ನಮ್ಮ ಕರಾವಳಿಯ ಉಬ್ಬರ ಮಿಶ್ರ ಜಾತಿಯದ್ದು, ದಿನದ ಎರಡು ಉಬ್ಬರ ಒಂದೇ ಎತ್ತರಕ್ಕೆ ಬರುವುದಿಲ್ಲ. ಹಾಗಾಗಿ 23.93 ಗಂಟೆಯ ಕೆ1, 25.82 ಗಂಟೆಯ ಒ1 ಎರಡನ್ನೂ ಸೇರಿಸಲೇಬೇಕು. ಬಿಟ್ಟರೆ ಗೈಡ್ ಮೊದಲು ಕೇಳುವುದೇ ಅದನ್ನು.

ಹೆಬ್ರಿ_ಲ್ಯಾಬ್

ನಡುವೆ ಬಂದೆ. ನಮ್ಮ ಲ್ಯಾಬ್‌ನ ಯಂತ್ರಗಳಲ್ಲಿ ವಿಂಡೋಸೇ 32 ಬಿಟ್. ನೆಟ್ ಕೂಡ ಸರಿಯಾಗಿ ಇಲ್ಲ. ಮಕ್ಕಳಿಗೆ ಇಂಥದ್ದೇ ಫಿಟ್ ಕಲಿಸಬೇಕು. ದಾರಿ ಉಂಟಾ?

ಪಣಂಬೂರು_ಪೈಥಾನ್

ಉಂಟು. ಅವಧಿಗಳು ಮೊದಲೇ ಗೊತ್ತಿರುವಾಗ ಇದಕ್ಕೆ ಕರ್ವ್_ಫಿಟ್ ಬೇಕಾಗಿಯೇ ಇಲ್ಲ. ಪ್ರತಿ ಅವಧಿಗೆ ಒಂದು ಸೈನ್ ಕಾಲಂ, ಒಂದು ಕೊಸೈನ್ ಕಾಲಂ, ಸರಾಸರಿ ಮಟ್ಟಕ್ಕೆ ಪ್ರತಿ ಸಾಲಿನಲ್ಲೂ 1 ಇರುವ ಕಾಲಂ. ಹೀಗೆ ಮ್ಯಾಟ್ರಿಕ್ಸ್ ಮಾಡಿ ನಮ್‌ಪೈಯ ಲಿನಾಲ್ಗ್ ಅನ್ನುವ ಭಾಗದಲ್ಲಿರುವ ಲೀಸ್ಟ್ ಸ್ಕ್ವೇರ್‌ಗೆ ಕೊಡಿ, ಉತ್ತರ ಬರುತ್ತದೆ. ನಮ್‌ಪೈ 32 ಬಿಟ್‌ಗೂ ಸಿಗುತ್ತದೆ. ಮಕ್ಕಳಿಗೂ ಒಳಗೆ ಏನು ನಡೆಯುತ್ತದೆ ಅನ್ನುವುದು ಇದರಲ್ಲೇ ಚೆನ್ನಾಗಿ ಗೊತ್ತಾಗುತ್ತದೆ.

ನೆಟ್ ಇಲ್ಲದ್ದಕ್ಕೆ, ಲ್ಯಾಬ್‌ನಲ್ಲಿರುವ ಅದೇ ವರ್ಶನ್‌ನ 32 ಬಿಟ್ ಪೈಥಾನ್ ಇರುವ ಬೇರೆ ಯಂತ್ರದಲ್ಲಿ ಇನ್‌ಸ್ಟಾಲ್ ಬದಲು 'ಪಿಪ್ ಡೌನ್‌ಲೋಡ್ ನಮ್‌ಪೈ' ಕೊಡಿ. ವೀಲ್ ಫೈಲ್ ಕೈಗೆ ಸಿಗುತ್ತದೆ, ಹೆಸರಿನ ಕೊನೆಯಲ್ಲಿ ವಿನ್32 ಇದೆಯಾ ನೋಡಿಕೊಳ್ಳಿ. ಪೆನ್‌ಡ್ರೈವ್‌ನಲ್ಲಿ ಒಯ್ದು, ಪಿಪ್ ಇನ್‌ಸ್ಟಾಲ್ ಎದುರು ಆ ಫೈಲಿನ ಪೂರ್ತಿ ಹೆಸರನ್ನೇ ಕೊಟ್ಟರೆ ಆಯ್ತು. ಎಲ್ಲ ಯಂತ್ರಕ್ಕೂ ಅದೇ ಫೈಲ್ ಸಾಕು. ಹಾಕುವ ಮೊದಲು ಪ್ರತಿ ಯಂತ್ರದಲ್ಲೂ ಪೈಥಾನ್ ಯಾವ ವರ್ಶನ್ ನೋಡಿ. 3.10 ಇರುವಲ್ಲಿ ಸಿಪಿ312 ಫೈಲ್ ಕೂರುವುದಿಲ್ಲ.