ಹಳೆಯ ಬಾಯ್ಲರ್‌ಗೆ ಹೊಸ ಟೈಮರ್ ಜೋಡಿಸಲು ಸಹಾಯ ಬೇಕು

ಬ್ರಿಟನ್‌ನಲ್ಲಿ ನೆಲೆಸಿರುವ ಕನ್ನಡ ಬಂಧುಗಳಿಗೆ ನಮಸ್ಕಾರ.

ರೆಡಿಂಗ್‌ನಲ್ಲಿರುವ ನಮ್ಮ ಹಳೆಯ ಮನೆಯಲ್ಲಿ ಗ್ಯಾಸ್ ಬಾಯ್ಲರ್, ಬಿಸಿನೀರಿನ ಸಿಲಿಂಡರ್ ಹಾಗೂ ನೀರಿನ ಹರಿವನ್ನು ತೆರೆದು ಮುಚ್ಚುವ ಎರಡು ಮೋಟಾರ್ ವಾಲ್ವ್‌ಗಳಿದ್ದು, ಇವೆಲ್ಲವನ್ನೂ ನಡೆಸುವ ಟೈಮರ್ ಮಾತ್ರ ತಿರುಗುವ ಬಿಲ್ಲೆಯ ಮೇಲಿನ ಸಣ್ಣ ಗುಂಡಿಗಳನ್ನು ಸರಿಸಿ ಹೊತ್ತು ಗೊತ್ತುಮಾಡುವ ಹಳೆಯ ಬಗೆಯದು. ವಿದ್ಯುತ್ ಹೋಗಿ ಬಂದರೆ ಅದರ ಗಡಿಯಾರ ಹಿಂದೆ ಬೀಳುತ್ತದೆ. ಊರಿನಿಂದ ಬಂದಿರುವ ನಮ್ಮ ಅತ್ತೆಯವರು ನಸುಕಿನ 5 ಗಂಟೆಗೇ ಸ್ನಾನ ಮಾಡುವವರು. ಈ ಚಳಿಯಲ್ಲಿ ಅವರಿಗೆ ತಣ್ಣೀರು ಸಿಕ್ಕಿದ ದಿನ ನನಗೆ ಬಹಳ ನೋವಾಗುತ್ತದೆ.

ವಾರದ 7 ದಿನಗಳಿಗೂ ಬೇರೆ ಬೇರೆ ಸಮಯ ಹೊಂದಿಸಬಹುದಾದ, ಬಿಸಿನೀರಿಗೂ ಹೀಟಿಂಗ್‌ಗೂ ಪ್ರತ್ಯೇಕ ಚಾನೆಲ್ ಇರುವ ಡಿಜಿಟಲ್ ಪ್ರೋಗ್ರಾಮರ್ (ಹೊಸ ಬಗೆಯ ಟೈಮರ್) ಕೊಳ್ಳಬೇಕೆಂದಿದ್ದೇನೆ. ಇಂಥವು ಸಾಮಾನ್ಯವಾಗಿ ಎನ್ (ನ್ಯೂಟ್ರಲ್), ಎಲ್ (ಲೈವ್), 1, 2, 3, 4 ಎಂದು ಗುರುತಿಸಿದ, ತಂತಿ ಸಿಕ್ಕಿಸುವ ಟರ್ಮಿನಲ್‌ಗಳ ಹಿಂಬದಿ ಪ್ಲೇಟಿನ ಮೇಲೆ ಕೂರುತ್ತವೆ, 3ರಿಂದ ಬಿಸಿನೀರಿಗೂ 4ರಿಂದ ಹೀಟಿಂಗ್‌ಗೂ 230 ವೋಲ್ಟ್ ಹೋಗುತ್ತದೆ ಎಂಬುದನ್ನು ಓದಿಕೊಂಡಿದ್ದೇನೆ. ಆದರೆ ನಮ್ಮ ಪ್ಲೇಟಿನ ಗುರುತುಗಳು ಇದಕ್ಕೆ ಹೊಂದುವುದಿಲ್ಲ. ತಂತಿಗಳೂ ಕೆಂಪು-ಕಪ್ಪು ಬಣ್ಣದ ಹಳೆಯ ಪದ್ಧತಿಯವು.

ಇಂಥ ಬದಲಾವಣೆ ಮಾಡಿಸಿದವರು ಪ್ಲೇಟನ್ನಷ್ಟೇ ಬದಲಿಸಿದಿರೋ, ವೈರಿಂಗ್ ಸೆಂಟರನ್ನೂ (ಟೈಮರ್, ವಾಲ್ವ್, ಬಾಯ್ಲರ್ ತಂತಿಗಳೆಲ್ಲ ಕೂಡುವ ಪೆಟ್ಟಿಗೆಯನ್ನು) ಹೊಸದಾಗಿ ಹಾಕಿಸಿದಿರೋ ದಯವಿಟ್ಟು ತಿಳಿಸಿ. ಬಾಯ್ಲರ್‌ನ ಕವಚವನ್ನು ನಾನು ಮುಟ್ಟುವುದಿಲ್ಲ, ಅದು ಗ್ಯಾಸ್ ಸೇಫ್ (ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿಯಿರುವವರ ಕೆಲಸ. ಟೈಮರ್ ಕೆಲಸಕ್ಕೆ ಎಲೆಕ್ಟ್ರಿಷಿಯನ್ ಒಬ್ಬರೇ ಸಾಕೇ, ಅವರು ಎಷ್ಟು ಪೌಂಡ್ ತೆಗೆದುಕೊಂಡರು ಎಂಬುದನ್ನೂ ಬರೆದರೆ ಉಪಕಾರವಾಗುತ್ತದೆ.