ಮಂಗಳೂರಿನಿಂದ ದುಬೈಗೆ ನಿಜವಾಗಿ ಎಷ್ಟು ಹೊತ್ತಿನ ಪ್ರಯಾಣ?

ಉಡುಪಿಯವನು:
ಅಮ್ಮನಿಗೆ 68 ವರ್ಷ. ಮೊದಲ ಬಾರಿಗೆ ಒಬ್ಬರೇ ದುಬೈಗೆ, ಅಕ್ಕನ ಮನೆಗೆ ಹೊರಟಿದ್ದಾರೆ. ಟಿಕೆಟ್‌ನಲ್ಲಿ ಮಂಗಳೂರು ಬಿಡುವುದು ಬೆಳಿಗ್ಗೆ 9.10, ದುಬೈ ತಲುಪುವುದು 11.25. ವಾಪಸು ಬರುವಾಗ ಮಧ್ಯಾಹ್ನ 12.25ಕ್ಕೆ ಹೊರಟರೆ ಇಳಿಯುವುದು ಸಂಜೆ 5.20ಕ್ಕೆ. ಹೋಗಲು ಎರಡೂ ಕಾಲು ಗಂಟೆ, ಬರಲು ಐದು ಗಂಟೆಯೇ? ಅಮ್ಮ ಬೆಳಿಗ್ಗೆ, ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಚುಚ್ಚಿಕೊಂಡ ಮೇಲೆ ಊಟ ತಡವಾದರೆ ಕೈ ನಡುಗುತ್ತದೆ. ಅದಕ್ಕೇ ಈ ಲೆಕ್ಕ.

ಸುರತ್ಕಲ್:
ಎರಡೂ ಕಡೆ ಅಲ್ಲಲ್ಲಿಯ ಗಡಿಯಾರದ ಸಮಯ ಹಾಕಿರುತ್ತಾರೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ.

ದುಬೈಯ ಕರಾಮದಿಂದ:
ಹೌದು. ಹೋಗುವಾಗ ಒಂದೂವರೆ ಗಂಟೆ ಕೂಡಿಸಿ: 3 ಗಂಟೆ 45 ನಿಮಿಷ. ಬರುವಾಗ ಕಳೆಯಿರಿ: 3 ಗಂಟೆ 25 ನಿಮಿಷ. ಉಳಿದ ಇಪ್ಪತ್ತು ನಿಮಿಷದಲ್ಲಿ ಗಾಳಿಯ ಪಾಲು ದೊಡ್ಡದು. ಎತ್ತರದಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಂತೂ ಜೋರು. ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ನೇರ ದೂರ ಸುಮಾರು 2,460 ಕಿಲೋಮೀಟರ್. ಗಂಟೆಗೆ 800ರ ವೇಗ ಹಿಡಿದು ಮೂರು ಗಂಟೆ ಎಂದು ಲೆಕ್ಕ ಹಾಕಬೇಡಿ. ವಿಮಾನ ಜಾಗ ಬಿಟ್ಟಲ್ಲಿಂದ ಅಲ್ಲಿ ಹೋಗಿ ನಿಲ್ಲುವ ತನಕದ್ದೆಲ್ಲ ಟಿಕೆಟ್ ಸಮಯದಲ್ಲಿ ಸೇರಿದೆ. ದುಬೈಯಲ್ಲಿ ಇಳಿದ ಮೇಲೂ ನೆಲದ ಮೇಲೆ ಬಹಳ ದೂರ ಓಡುತ್ತದೆ.

ಆದರೆ ನೀವು ಚಿಂತೆ ಮಾಡಬೇಕಾದದ್ದು ಆಕಾಶದ ಹೊತ್ತಲ್ಲ, ಬೆಳಗಿನ ಹೊತ್ತು. ಮೂರು ಗಂಟೆ ಮುಂಚೆ ಬಜಪೆ ವಿಮಾನ ನಿಲ್ದಾಣದಲ್ಲಿರಬೇಕೆಂದರೆ ಉಡುಪಿಯನ್ನು ನಾಲ್ಕೂವರೆಗೇ ಬಿಡಬೇಕು. ಮುಲ್ಕಿಯಲ್ಲಿ ತಿರುಗಿ ಕಿನ್ನಿಗೋಳಿ, ಕಟೀಲು ದಾರಿಯಲ್ಲಿ ಬನ್ನಿ. ಮನೆಯಲ್ಲಿ ಚುಚ್ಚಿಕೊಂಡು ಬರಿಹೊಟ್ಟೆಯಲ್ಲಿ ಕಾರು ಹತ್ತಿಸಬೇಡಿ. ತಪಾಸಣೆ ಮುಗಿದು, ತಿಂಡಿ ಕಣ್ಣೆದುರು ಬಂದ ಮೇಲೆ ಇನ್ಸುಲಿನ್. ಈ ಬದಲಾವಣೆಯನ್ನು ವೈದ್ಯರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ.

ಔಷಧಿ ಕೈಚೀಲದಲ್ಲೇ ಇರಲಿ, ವೈದ್ಯರ ಚೀಟಿಯ ಜೊತೆ. ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ ಹೆಪ್ಪುಗಟ್ಟುವ ಅಪಾಯವಿದೆ, ಹೆಪ್ಪುಗಟ್ಟಿದ್ದು ಮತ್ತೆ ಕೆಲಸಕ್ಕೆ ಬಾರದು.

ನನ್ನ ತಾಯಿಗೆ ನಾನು ಮಾಡಿಕೊಟ್ಟದ್ದು ಒಂದು ರಟ್ಟಿನ ಚೀಟಿ. ಎಡಕ್ಕೆ ‘ಊರಿನ ಗಂಟೆ’, ಬಲಕ್ಕೆ ‘ದುಬೈ ಗಂಟೆ’. ರಾತ್ರಿ 8 ಎಂದರೆ ಅಲ್ಲಿ 6.30 ಎಂದು ದಪ್ಪ ಅಕ್ಷರದಲ್ಲಿ ಬರೆದು ಇನ್ಸುಲಿನ್ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದೆ. ಮೂರು ಸಲ ಬಂದು ಹೋದರು, ಅದೇ ಚೀಟಿ. ಮೂಲೆ ಸವೆದಿದೆ, ಇನ್ನೂ ಎಸೆದಿಲ್ಲ.

ಉಡುಪಿಯವನು:
ತುಂಬಾ ಉಪಕಾರವಾಯಿತು. ಇವತ್ತು ವೈದ್ಯರನ್ನು ಕಂಡೆವು. ಬೆಳಗಿನದ್ದು ವಿಮಾನ ನಿಲ್ದಾಣದಲ್ಲೇ ಆಗಲಿ ಎಂದರು. ಕೊಟ್ಟೆ ಕಡುಬು ಕಟ್ಟಿಕೊಡುತ್ತೇನೆ. ಚೀಟಿಯನ್ನು ಅಮ್ಮ ತಾವೇ ಬರೆಯುತ್ತಾರಂತೆ, ನನ್ನ ಅಕ್ಷರ ಅವರಿಗೆ ಓದಲು ಬರುವುದಿಲ್ಲ.