ಸಹಾಯ ಬೇಕು: ಬಾಡಿ ಪ್ಲೆಥಿಸ್ಮೋಗ್ರಫಿ ಬೆಂಗಳೂರಲ್ಲಿ ಎಲ್ಲಿ ಮಾಡುತ್ತಾರೆ?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಡಲು ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಇದೆ. ಸ್ಪೈರೋಮೆಟ್ರಿ ಆಗಿದೆ. ಮೂಗಿಗೆ ಕ್ಲಿಪ್ ಹಾಕಿ "ಊದಿ, ಊದಿ, ಇನ್ನೂ ಊದಿ" ಅಂತಾರಲ್ಲ, ಅದೇ. ಆದರೆ ಪೂರ್ತಿ ಊದಿದ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಅದರಲ್ಲಿ ಲೆಕ್ಕಕ್ಕೆ ಸಿಗುವುದಿಲ್ಲ. ಆರೋಗ್ಯವಂತರಲ್ಲೇ ಅದು ಸುಮಾರು 1.2 ಲೀಟರ್ ಇರುತ್ತದೆ. ಅಪ್ಪನಿಗೆ ಇನ್ನೂ ಜಾಸ್ತಿ ಇರಬಹುದು ಅಂತ ಡಾಕ್ಟರಿಗೆ ಅನುಮಾನ. ಅದಕ್ಕೇ ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ ಮಾಡುವ ಈ ಬಾಡಿ ಪ್ಲೆಥಿಸ್ಮೋಗ್ರಫಿ ಟೆಸ್ಟ್ ಬರೆದುಕೊಟ್ಟಿದ್ದಾರೆ. ಅಪ್ಪನಿಗೋ ಲಿಫ್ಟ್ ಅಂದರೇ ಭಯ! ಹೀಲಿಯಂ ಉಸಿರಾಡಿಸಿಯೂ ಅಳೆಯಬಹುದು, ಆದರೆ ಸಿಕ್ಕಿಕೊಂಡ ಗಾಳಿಯವರೆಗೆ ಅದು ಸರಿಯಾಗಿ ತಲುಪದೆ ಅಳತೆ ಕಡಿಮೆ ಬರುತ್ತದಂತೆ.

ಜಯನಗರ, ಬನಶಂಕರಿ ಕಡೆ ಎಲ್ಲಾದರೂ ಮಾಡುತ್ತಾರಾ? ಎಷ್ಟಾಗುತ್ತದೆ? ಒಳಗೆ ಕೂತು ಬಂದವರಿದ್ದರೆ, ಬಾಗಿಲು ಎಷ್ಟು ಹೊತ್ತು ಮುಚ್ಚಿರುತ್ತಾರೆ ಅಂತ ದಯವಿಟ್ಟು ತಿಳಿಸಿ.